ವಾಲ್ವಿಗೆ ಊದುಬತ್ತಿ ಬೇಡ, ಪೆಟ್ಟಿಗೆಗೆ ಹಿಡಿಯಿರಿ

ಕಳೆದ ವಾರ ಮನೆಗೆ ಒಬ್ಬ ಹುಡುಗ ಬಂದಿದ್ದ. ಕುವೆಂಪುನಗರದವನು, ಬೇಸ್ ಗಿಟಾರ್ ನುಡಿಸುತ್ತಾನೆ. ನನ್ನ ಹಳೇ ವಾಲ್ವ್ ಆಂಪ್ಲಿಫೈಯರ್ ಬಗ್ಗೆ ಯಾರೋ ಹೇಳಿದ್ದರಂತೆ. ವಾಲ್ವ್ ಅಂದರೆ ಟ್ರಾನ್ಸಿಸ್ಟರಿಗೂ ಮುಂಚಿನ, ಸದ್ದನ್ನು ದೊಡ್ಡದು ಮಾಡುವ ಗಾಜಿನ ಬಲ್ಬು. ಬಂದವನೇ "ಸರ್, ಲೈಟ್ ಆಫ್ ಮಾಡ್ತೀರಾ?" ಅಂದ. ವಾಲ್ವು ಕೆಂಪಗೆ ಉರಿಯೋದನ್ನ ಕತ್ತಲಲ್ಲಿ ವಿಡಿಯೋ ಮಾಡಬೇಕಂತೆ. ಮಾಡಿಕೊಂಡ. ಆ ಕಡೆಯಿಂದ, ಈ ಕಡೆಯಿಂದ, ಮೇಲಿನಿಂದ. ಗಿಟಾರನ್ನು ಮಾತ್ರ ಬ್ಯಾಗಿನಿಂದ ತೆಗೆಯಲೇ ಇಲ್ಲ. ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತಾ "ಯಾವ ಕಂಪನಿ ವಾಲ್ವ್ ಸರ್ ಅದು? ಈಗ ಎಷ್ಟಾಗಬಹುದು?" ಎಂದು ಕೇಳಿದ. ಕೆಳಗಿದ್ದ ಸ್ಪೀಕರ್ ಪೆಟ್ಟಿಗೆಯನ್ನು ಅವನು ತಿರುಗಿ ಸಹ ನೋಡಲಿಲ್ಲ. ಹೆಲ್ಮೆಟ್ ಇಡೋಕೆ ಒಳ್ಳೇ ಜಾಗ ಅಂದುಕೊಂಡನೋ ಏನೋ, ಅದರ ಮೇಲೇ ಇಟ್ಟಿದ್ದ.

ಅವನನ್ನು ಬೈಯುವ ಹಕ್ಕು ನನಗಿಲ್ಲ. ಹತ್ತು ವರ್ಷ ನಾನೂ ಇದೇ ಹುಚ್ಚಿನಲ್ಲಿದ್ದವನು. ಅವತ್ತು ಅವನಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇಸ್ ಗಿಟಾರಿನ ಸದ್ದಿನಲ್ಲಿ ವಾಲ್ವಿನ ಪಾಲು ನಾವು ಅಂದುಕೊಂಡಿದ್ದಕ್ಕಿಂತ ತುಂಬಾ ಕಮ್ಮಿ. ಕಾಗದ, ಕಬ್ಬಿಣ, ಮರ, ಇವುಗಳ ಪಾಲು ಜಾಸ್ತಿ. ಸ್ಪೀಕರಿನ ಕೋನ್ ಕಾಗದ, ಟ್ರಾನ್ಸ್‌ಫಾರ್ಮರಿನ ಒಳಗಿರೋದು ಕಬ್ಬಿಣದ ಪಟ್ಟಿ, ಪೆಟ್ಟಿಗೆ ಮರ. ಇವು ಮಿನುಗುವುದಿಲ್ಲ, ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ. ಅದಕ್ಕೇ ಯಾರೂ ಮಾತಾಡುವುದಿಲ್ಲ.

ನನ್ನ ಆಂಪ್‌ಗೆ ಹೆಸರಿಲ್ಲ. ಮಂಡ್ಯದಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿದ್ದ ಯಜಮಾನರೊಬ್ಬರು ತಾವೇ ಜೋಡಿಸಿದ್ದು. ಮುಂದೆ ಇಸಿಸಿ83 ಅನ್ನೋ ಸಣ್ಣ ವಾಲ್ವು ಎರಡು, ಹಿಂದೆ ಸ್ಪೀಕರಿಗೆ ಶಕ್ತಿ ಕೊಡುವ ದೊಡ್ಡ ವಾಲ್ವು ಇಎಲ್34 ಎರಡು, ಹೆಚ್ಚೆಂದರೆ 50 ವ್ಯಾಟ್. ತಗಡಿನ ಡಬ್ಬಿಗೆ ಬೂದು ಬಣ್ಣ. ಮದುವೆ ಮನೆ, ನಾಟಕ, ಎಲೆಕ್ಷನ್ ಭಾಷಣ ಎಲ್ಲಾ ಮುಗಿಸಿ ಕೊನೆಗೆ ನಮ್ಮ ಆರ್ಕೆಸ್ಟ್ರಾಗೆ ಬಂತು. ಬೇಸ್ ಗಿಟಾರಿಗೆ ಅಂತಲೇ ಬೇರೆ ಆಂಪ್ ಇರುತ್ತೆ ಅನ್ನೋದೇ ನಮಗೆ ಆಗ ಗೊತ್ತಿರಲಿಲ್ಲ. ಬಾಡಿಗೆ ಟೆಂಪೋದಲ್ಲಿ ಅದನ್ನು ನನ್ನ ತೊಡೆ ಮೇಲೆ ಇಟ್ಟುಕೊಂಡು ಹೋಗುತ್ತಿದ್ದೆ, ಮಗು ಥರ. ಕೆಳಗಿಟ್ಟರೆ ಗುಂಡಿ ರಸ್ತೆಗೆ ವಾಲ್ವು ಕಿತ್ತುಕೊಂಡು ಬರುತ್ತಿತ್ತು.

ಒಂದು ಗಣೇಶನ ಹಬ್ಬ. ಮಳವಳ್ಳಿ ಕಡೆ ಒಂದು ಹಳ್ಳಿ. ರಾತ್ರಿ ಹತ್ತರ ಹೊತ್ತಿಗೆ ತ್ರೀ ಫೇಸ್ ಕರೆಂಟ್ ಬಂತು, ಸುತ್ತಲಿನ ಗದ್ದೆಗಳಲ್ಲಿ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೇ ಎದ್ದವು. ಪೆಂಡಾಲಿನ ದೀಪ ಅರಿಶಿನದ ಬಣ್ಣಕ್ಕೆ ತಿರುಗಿತು. ಯಜಮಾನರ ಮೀಟರಿನಲ್ಲಿ 230 ಇರಬೇಕಾದ ವೋಲ್ಟೇಜ್ 180. ವಾಲ್ವಿನ ಹೀಟರಿಗೆ 6.3 ವೋಲ್ಟ್ ಬೇಕು, ಅವತ್ತು ಐದೂ ಸಿಗುತ್ತಿರಲಿಲ್ಲ. ನನ್ನ ಬೇಸ್ ಮೆತ್ತಗಾಯಿತು. ತಂತಿ ಮೀಟಿದರೆ ಸದ್ದು ಸ್ವಲ್ಪ ತಡವಾಗಿ, ಉಬ್ಬಿಕೊಂಡು ಬರುತ್ತಿತ್ತು. ನನಗೋ ಜೀವ ಹೋದ ಹಾಗೆ. ಮುಂದೆ ಕೂತಿದ್ದ ಒಬ್ಬ ತಾತ ಮಾತ್ರ ಹಾಡು ಮುಗಿದ ಮೇಲೆ ಕರೆದು, "ಈಗ ಸಂದಾಗ್ ಕೇಳ್ತಾ ಅದೆ ಕಣ್ಲಾ ಮಗ, ಆಗ ಬರೀ ಎದೆಗ್ ಗುದ್ದೋದು" ಅಂದರು.

ಎಷ್ಟೋ ವರ್ಷದ ಮೇಲೆ ತಿಳಿಯಿತು, ಈ ಮೆತ್ತಗಾಗುವುದಕ್ಕೆ ಹೊರದೇಶದಲ್ಲಿ 'ಸ್ಯಾಗ್' ಅಂತ ಹೆಸರಿದೆ, ಅದಕ್ಕೋಸ್ಕರ ಬೇಕಂತಲೇ ಆಂಪ್‌ಗೆ ವೋಲ್ಟೇಜ್ ಇಳಿಸಿ ಕೊಡುವವರಿದ್ದಾರೆ ಅಂತ. ನಮಗೆ ಪಂಪ್‌ಸೆಟ್ಟುಗಳು ಆ ಸೇವೆಯನ್ನು ಪುಕ್ಕಟೆ ಮಾಡಿಕೊಡುತ್ತಿದ್ದವು.

ಆರ್ಕೆಸ್ಟ್ರಾ ನಿಂತಿತು, ನಾನು ಮೈಸೂರಿಗೆ ಬಂದೆ, ಕೆಲಸ, ಮದುವೆ, ಸಾಲ. ಆಂಪ್ ಅಟ್ಟ ಸೇರಿತು. ಹದಿನೈದು ವರ್ಷ ಬಿಟ್ಟು ಇಳಿಸಿದಾಗ ಗೊಂಯ್ ಅನ್ನೋದು ಬಿಟ್ಟು ಬೇರೇನೂ ಬರಲಿಲ್ಲ. ಆಗ ಶುರುವಾಯಿತು ನನ್ನ ವಾಲ್ವ್ ಯಾತ್ರೆ. ಎಲ್ಲ ಕಡೆ ಓದಿದ್ದು ಒಂದೇ ಮಾತು: ಹಳೇ ಕಾಲದ, ಬಳಸದೇ ಉಳಿದ ವಾಲ್ವು ಹಾಕಿ, ಸ್ವರ್ಗ ಕಾಣುತ್ತೆ. ಒಬ್ಬ ಆನ್‌ಲೈನ್ ಮಾರಾಟಗಾರನಿಂದ ಒಂದು ಜೋಡಿ ಇಎಲ್34 ತರಿಸಿದೆ. ಇಂಗ್ಲೆಂಡಿನ ದೊಡ್ಡ ಹೆಸರು ಅಚ್ಚಾಗಿತ್ತು. ಕೊಟ್ಟ ದುಡ್ಡು ಹೇಳುವುದಿಲ್ಲ, ಮನೆಯಾಕೆಯೂ ಈ ಪೇಜ್ ಓದುತ್ತಾಳೆ.

ಬಂದ ಮೇಲೆ ರಿಪೇರಿ ಯಜಮಾನರ ಹತ್ತಿರ ಒಯ್ದೆ. ಲಷ್ಕರ್ ಮೊಹಲ್ಲಾ ಕಡೆ ಸಣ್ಣ ಅಂಗಡಿ, ಎಪ್ಪತ್ತು ದಾಟಿದ ವಯಸ್ಸು. ಅವರು ಅಚ್ಚಿನ ಹೆಸರನ್ನು ನೋಡಲೇ ಇಲ್ಲ. ಗಾಜಿನ ಬುಡವನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಾ ಹೋದರು. ಇಂಗ್ಲೆಂಡಿನ ವಾಲ್ವ್ ಕಂಪನಿ ಮುಲ್ಲಾರ್ಡ್‌ನವರು ತಮ್ಮ ಇಎಲ್34ರ ಗಾಜಿನ ಮೇಲೆ ಎಕ್ಸ್ಎಫ್1, ಎಕ್ಸ್ಎಫ್2 ಅಂತ ಸಣ್ಣ ಗುರುತು ಹಾಕುತ್ತಿದ್ದರು, ಅದರ ಕೆಳಗೆ ಬಿ ಅಕ್ಷರ ಇದ್ದರೆ ಬ್ಲ್ಯಾಕ್‌ಬರ್ನ್ ಕಾರ್ಖಾನೆ. ನನ್ನದರಲ್ಲಿ ಏನೂ ಇರಲಿಲ್ಲ. "ವಾಲ್ವು ಕೆಟ್ಟದ್ದೇನಲ್ಲ ಕಣಪ್ಪ. ಆದ್ರೆ ಇದು ಈಚೆಗೆ ಮಾಡಿದ್ದು. ಹೆಸರು ಮಾತ್ರ ಹಳೇದು" ಅಂದರು. ನಾನು ಬೆವರುತ್ತಿದ್ದೆ, ಅವರು ಬೀಡಿ ಹುಡುಕುತ್ತಿದ್ದರು.

ಆಮೇಲೆ ಆಂಪ್ ಬಿಚ್ಚಿದರು. ಆ ದಿನ ಕಲಿತದ್ದು ನೂರು ವಿಡಿಯೋದಲ್ಲಿ ಸಿಗಲಿಲ್ಲ. ಪ್ಲಗ್ ಕಿತ್ತ ಮೇಲೂ ಒಳಗಿನ ಕಂಡೆನ್ಸರ್‌ಗಳು 400 ವೋಲ್ಟ್ ಮೇಲೆ ಹಿಡಿದಿಟ್ಟುಕೊಂಡಿರಬಹುದು. ಮೊದಲು ರೆಸಿಸ್ಟರ್ ಹಿಡಿದು ಅದನ್ನು ಇಳಿಸಬೇಕು. ಲೈವ್ ಇರುವಾಗ ಮುಟ್ಟಲೇಬೇಕಾದರೆ ಒಂದೇ ಕೈ. "ಇನ್ನೊಂದು ಕೈ ಜೇಬಲ್ಲಿ ಇಟ್ಕೊ. ಪಂಚೆ ಉಟ್ಟಿದ್ರೆ ಬೆನ್ನ ಹಿಂದೆ." ಎರಡೂ ಕೈ ಇಟ್ಟರೆ ಕರೆಂಟು ಎದೆ ಹಾದು ಹೋಗುತ್ತೆ. ಈ ಬರಹ ಓದಿ ಯಾರೂ ಸುಮ್ನೆ ಹಳೇ ಆಂಪ್ ಬಿಚ್ಚಬೇಡಿ. ಬಲ್ಲವರ ಹತ್ತಿರ ಹೋಗಿ.

ಗೊಂಯ್ ಸದ್ದಿಗೆ ಕಾರಣ ವಾಲ್ವಲ್ಲ, ಒಣಗಿಹೋಗಿದ್ದ ಆ ಕಂಡೆನ್ಸರ್‌ಗಳು. ಹೊಸದು ಹಾಕಿದರು, ಸದ್ದು ನಿಂತಿತು. ಯಜಮಾನರು ನನ್ನ ಹಳೇ ಇಎಲ್34ಗಳನ್ನೂ ಹಾಕಿ ನೋಡಿದರು. ಇನ್ನೂ ಚೆನ್ನಾಗಿಯೇ ಇದ್ದವು! ಹಳೇದು, ಹೊಸದು ಅದಲು ಬದಲು ಮಾಡಿ ನುಡಿಸಿದೆ. ನಿಜ ಹೇಳಬೇಕೆಂದರೆ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ದುಡ್ಡು ಕೊಟ್ಟಿದ್ದೆನಲ್ಲ, ಗೊತ್ತಾಯಿತು ಅಂತ ಸುಳ್ಳು ಹೇಳಿದೆ.

ಆದರೂ ಬೇಸ್ ದಪ್ಪಗೆ ಬರುತ್ತಿರಲಿಲ್ಲ, ಕರಕರ ಅನ್ನುತ್ತಿತ್ತು. ಯಜಮಾನರು ಸ್ಪೀಕರ್ ತರಿಸಿದರು. 15 ಇಂಚಿನದು. ಎರಡೂ ಅಂಗೈಯನ್ನು ಕೋನ್ ಮೇಲೆ ಸಮನಾಗಿ ಇಟ್ಟು ಮೆಲ್ಲಗೆ ಒತ್ತಿದರು, "ಕೇಳು" ಅಂದರು. ಒಳಗೆ ಮರಳು ಉಜ್ಜಿದ ಸದ್ದು. ಕೋನನ್ನು ಅಲುಗಿಸುವ ತಂತಿ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ಜಾಗ ತಪ್ಪಿ ಕಬ್ಬಿಣಕ್ಕೆ ತಾಗುತ್ತಿತ್ತು. ಕೋನಿನ ಅಂಚು ಜಿರಲೆ ತಿಂದು ಜಾಲರಿಯಾಗಿತ್ತು. ಹೊಸ ಕಾಯಿಲ್, ಹೊಸ ಕೋನ್ ಹಾಕುವುದನ್ನು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ನೋಡಿದೆ. ಅವರು ಹಳೇ ಎಕ್ಸ್‌ರೇ ಫಿಲ್ಮನ್ನು ಉದ್ದಕ್ಕೆ ಪಟ್ಟಿ ಕತ್ತರಿಸಿ, ನಡುವಿನ ಕಬ್ಬಿಣದ ಸುತ್ತ ಸುತ್ತಿ, ಅದರ ಮೇಲೆ ಕಾಯಿಲನ್ನು ಇಳಿಸಿದರು. ಸುತ್ತಲೂ ಒಂದೇ ಅಂತರ ಬರಲಿ ಅಂತ. ಆಮೇಲೆ ಗಮ್ಮು, ಕೋನು, ಅಂಚಿಗೆ ಮತ್ತೆ ಗಮ್ಮು. ಒಂದು ರಾತ್ರಿ ಮುಟ್ಟುವಂತಿಲ್ಲ. ಮರುದಿನ ಫಿಲ್ಮನ್ನು ಎಳೆದು ತೆಗೆದು ಕೋನ್ ಒತ್ತಿದರು. ಒಂದು ಚೂರು ಸದ್ದಿಲ್ಲ. ಯಾರದೋ ಪಕ್ಕೆಲುಬಿನ ಫೋಟೋ ನನ್ನ ಸ್ಪೀಕರನ್ನು ನೇರ ಮಾಡಿತ್ತು.

ಪೆಟ್ಟಿಗೆಯ ಕೆಲಸ ಮನೆಯಲ್ಲಿ. ಕೋನ್ ಮುಂದೆ ತಳ್ಳುವಷ್ಟೇ ಗಾಳಿಯನ್ನು ಹಿಂದೆಯೂ ಎಳೆಯುತ್ತೆ. ಹಿಂದಿನ ಗಾಳಿ ಸುತ್ತಿಕೊಂಡು ಮುಂದೆ ಬಂದರೆ ಎರಡೂ ಸೇರಿ ದಪ್ಪ ಸ್ವರವನ್ನು ನುಂಗಿ ಹಾಕುತ್ತವೆ. ಅದಕ್ಕೇ ಮುಚ್ಚಿದ ಪೆಟ್ಟಿಗೆ ಬೇಕು, ಎಲ್ಲೂ ಸೋರಬಾರದು. ಸೋರಿಕೆ ಹುಡುಕಲು ಯಜಮಾನರು ಹೇಳಿಕೊಟ್ಟ ಉಪಾಯ ಇದು: ದಪ್ಪ ತಂತಿ ಮೀಟುತ್ತಾ ಇರಿ, ಇನ್ನೊಬ್ಬರು ಹಚ್ಚಿದ ಊದುಬತ್ತಿಯನ್ನು ಪೆಟ್ಟಿಗೆಯ ಮೂಲೆ ಮೂಲೆಗೆ ಹಿಡಿಯಲಿ. ಹೊಗೆ ನೆಟ್ಟಗೆ ಏಳುತ್ತಿದ್ದರೆ ಸರಿ, ನಡುಗಿದರೆ ಅಲ್ಲಿ ಬಿರುಕಿದೆ. ನಮ್ಮ ಮೈಸೂರಲ್ಲಿ ಊದುಬತ್ತಿಗೆ ಬರವೇ? ಮನೆಯಾಕೆ ಹಿಡಿದಳು, ನಾನು ಮೀಟಿದೆ. "ಇದಕ್ಕೂ ಪೂಜೆ ಶುರುವಾಯ್ತಾ?" ಅಂದಳು. ಮೂರು ಕಡೆ ಹೊಗೆ ನಡುಗಿತು. ಫೆವಿಕಾಲ್‌ಗೆ ಮರದ ಪುಡಿ ಕಲಸಿ ತುಂಬಿದೆ.

ಮಾರನೇ ದಿನ ಎಲ್ಲಕ್ಕಿಂತ ದಪ್ಪದ ಇ ತಂತಿ ಮೀಟಿದಾಗ ಅಡುಗೆಮನೆಯ ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ಲೋಟಗಳೆಲ್ಲ ಜಣಜಣ ಅಂದವು. ವಾಲ್ವುಗಳು ಮಂಡ್ಯದ ಅವೇ ಹಳೇವು.

ಆ ಇ ಸ್ವರ 41 ಹರ್ಟ್ಸ್. ಗಾಳಿಯಲ್ಲಿ ಅದರ ಒಂದು ಅಲೆ ಸುಮಾರು 27 ಅಡಿ ಉದ್ದ. ನಮ್ಮ ಹಾಲ್ ಇರೋದೇ 14 ಅಡಿ. ಇಷ್ಟು ದೊಡ್ಡ ಅಲೆಯನ್ನು ಎಬ್ಬಿಸುವುದು ಗಾಜಿನ ಬಲ್ಬಿನ ಕೈಲಾಗುವ ಕೆಲಸವಲ್ಲ, ಗಾಳಿ ತಳ್ಳಬೇಕು. ವ್ಯಾಟ್ ಲೆಕ್ಕವೂ ಇಲ್ಲೇ ಬರುತ್ತೆ. ಒಂದು ವ್ಯಾಟಿಗೆ 98 ಡೆಸಿಬಲ್ ಕೊಡುವ ಸ್ಪೀಕರ್ 50 ವ್ಯಾಟಿನಲ್ಲಿ ಮಾಡುವ ಸದ್ದನ್ನು 92 ಡೆಸಿಬಲ್‌ನ ಸ್ಪೀಕರ್ ಮಾಡಬೇಕಾದರೆ 200 ವ್ಯಾಟ್ ಬೇಕು. ಆಂಪ್ ನಾಲ್ಕು ಪಟ್ಟು ದೊಡ್ಡದು ಮಾಡುವುದೋ, ಸ್ಪೀಕರ್ ಒಳ್ಳೆಯದು ಹಾಕುವುದೋ, ನೀವೇ ಹೇಳಿ.

ದೊಡ್ಡವರ ಕಥೆಯೂ ಇದೇ ಅಲ್ವಾ? ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಅನ್ನೋ ಬೇಸ್ ಗಿಟಾರ್ ಮಾಡಿದ, ಮರುವರ್ಷ ಅದಕ್ಕೆಂದೇ ಬಾಸ್‌ಮನ್ ಆಂಪ್. ಮೊದಲು 15 ಇಂಚಿನ ಒಂದೇ ಸ್ಪೀಕರ್ ಇತ್ತು. ಆಮೇಲೆ 10 ಇಂಚಿನ ನಾಲ್ಕು ಹಾಕಿ ಹಿಂಭಾಗ ತೆರೆದೇ ಬಿಟ್ಟ. ಅದನ್ನು ತಲೆ ಮೇಲೆ ಹೊತ್ತುಕೊಂಡವರು ಬೇಸಿನವರಿಗಿಂತ ಹೆಚ್ಚಾಗಿ ಗಿಟಾರಿನವರು. ಹೆಸರು ಬೇಸಿನದು, ಬಾಳು ಗಿಟಾರಿಗೆ. ಲಂಡನ್ನಿನಲ್ಲಿ ಜಿಮ್ ಮಾರ್ಷಲ್ ಅಂಗಡಿಯವರು 60ರ ದಶಕದ ಶುರುವಿನಲ್ಲಿ ಅದೇ ಸರ್ಕ್ಯೂಟನ್ನು ಹೆಚ್ಚು ಕಮ್ಮಿ ಹಾಗೇ ಇಳಿಸಿಕೊಂಡು, ಬೇರೆ ಟ್ರಾನ್ಸ್‌ಫಾರ್ಮರ್ ಹಾಕಿ, ಮುಚ್ಚಿದ ಪೆಟ್ಟಿಗೆಯಲ್ಲಿ 12 ಇಂಚಿನ ಸೆಲೆಸ್ಟಿಯನ್ ಸ್ಪೀಕರ್ ಕೂರಿಸಿದರು. ಸದ್ದು ಪೂರಾ ಬೇರೆಯಾಯಿತು.

ಇನ್ನು ಅಮೆರಿಕದ ಆಂಪ್ ಕಂಪನಿ ಆಂಪೆಗ್. ಅವರ 1969ರ ಬೇಸ್ ಆಂಪ್ ಎಸ್‌ವಿಟಿ, 300 ವ್ಯಾಟ್, ವಾಲ್ವ್ ಭಕ್ತರ ತಿರುಪತಿ. ಅದರ ಜೊತೆಗಿನ ಪೆಟ್ಟಿಗೆಯಲ್ಲಿ 10 ಇಂಚಿನ ಎಂಟು ಸ್ಪೀಕರ್, ಎಲ್ಲರೂ ಫ್ರಿಜ್ ಅಂತಲೇ ಕರೆಯುತ್ತಾರೆ. ಈಚಿನ ಮಾದರಿಯಲ್ಲೂ ಆಂಪ್, ಪೆಟ್ಟಿಗೆ ಸೇರಿ ಹತ್ತಿರ ಹತ್ತಿರ ಒಂದು ಕ್ವಿಂಟಲ್. ಇಷ್ಟೆಲ್ಲ ಇದ್ದೂ ಆ ಪೆಟ್ಟಿಗೆ 58 ಹರ್ಟ್ಸ್‌ಗಿಂತ ಕೆಳಗೆ ಇಳಿಯುತ್ತಾ ಸದ್ದು ಕಮ್ಮಿ ಮಾಡುತ್ತಾ ಹೋಗುತ್ತೆ. ಅಂದರೆ 41ರ ಇ ಸ್ವರದ ಬುಡವೇ ಅದರಲ್ಲಿ ಪೂರ್ತಿ ಇಲ್ಲ. ಅದೇ ತಂತಿಯಿಂದ ಜೊತೆಗೇ ಏಳುವ ಮೇಲಿನ 82, 123 ಹರ್ಟ್ಸ್ ಕೇಳಿಸಿಕೊಂಡು ನಮ್ಮ ಕಿವಿಯೇ ಬುಡವನ್ನು ತುಂಬಿಕೊಳ್ಳುತ್ತೆ. ಜಗತ್ತೇ ಮೆಚ್ಚಿದ ಬೇಸ್ ಸದ್ದು, ಅರ್ಧ ಪೆಟ್ಟಿಗೆಯದು, ಅರ್ಧ ಕಿವಿಯದು.

ವಾಲ್ವಿಗೆ ಏನೂ ಬೆಲೆಯಿಲ್ಲ ಅಂತಲ್ಲ. ಜೋರಾಗಿ ಮೀಟಿದಾಗ ಅದರ ಸದ್ದು ಒಮ್ಮೆಲೇ ಒಡೆಯುವುದಿಲ್ಲ, ಮೆಲ್ಲಗೆ ಹಿಂಡಿಕೊಳ್ಳುತ್ತೆ, ಬೆರಳಿಗೆ ಅದು ತಿಳಿಯುತ್ತೆ. ಸ್ನೇಹಿತನೊಬ್ಬ ಮೂರು ಕಿಲೋ ತೂಗದ 500 ವ್ಯಾಟಿನ ಹೊಸ ಆಂಪ್ ತಂದಿದ್ದ. ಅದನ್ನು ನನ್ನ ಪೆಟ್ಟಿಗೆಗೆ, ನನ್ನದನ್ನು ಅವನ ಪೆಟ್ಟಿಗೆಗೆ ಹಾಕಿ, ಮನೆಯಾಕೆಯನ್ನು ಒಳಗಿನ ಕೋಣೆಯಲ್ಲಿ ಕೂರಿಸಿ ನುಡಿಸಿದೆವು. ಪೆಟ್ಟಿಗೆ ಬದಲಾದಾಗಲೆಲ್ಲ ಅವಳು ಸರಿಯಾಗಿ ಹೇಳಿದಳು. ಆಂಪ್ ಬದಲಾದದ್ದನ್ನು ಹೇಳಲಾಗಲಿಲ್ಲ. ನುಡಿಸುತ್ತಿದ್ದ ನಮ್ಮಿಬ್ಬರಿಗೆ ಮಾತ್ರ ಗೊತ್ತಾಗುತ್ತಿತ್ತು. ಒಂದು ಮಧ್ಯಾಹ್ನದ ಆಟ, ಅಷ್ಟನ್ನೇ ಇಟ್ಟುಕೊಂಡು ವಾದ ಮಾಡಲ್ಲ. ಆದರೆ ಆ ಖುಷಿ ನುಡಿಸುವವನ ಖುಷಿ. ನುಡಿಸದೇ ವಿಡಿಯೋ ಮಾಡಿದರೆ ಅದೂ ಇಲ್ಲ.

ಇನ್ನೊಂದು ಮಾತು. ನಮ್ಮ ಜಾಲಹಳ್ಳಿಯ ಬಿಇಎಲ್ 1961ರಿಂದ ರೇಡಿಯೋ ವಾಲ್ವು ಮಾಡುತ್ತಿತ್ತು. ಮೈಸೂರಿನ ಗುಜರಿಗಳಲ್ಲಿ ಹಳೇ ರೇಡಿಯೋ ಒಳಗೆ ಈಗಲೂ ಸಿಗುತ್ತವೆ. ಇವನ್ನೂ ಈಗ ಹೊರಗಿನವರು ಹುಡುಕಿ ಕೊಳ್ಳುತ್ತಾರೆ ಅಂತ ಗೊತ್ತಾದ ಮೇಲೆ ಕೆಲವರು ಚೆನ್ನಾಗಿ ಹಾಡುತ್ತಿರುವ ರೇಡಿಯೋ ಬಿಚ್ಚಿ ವಾಲ್ವು ಕಿತ್ತು ಮಾರುತ್ತಿದ್ದಾರೆ. ಹೊಟ್ಟೆ ಉರಿಯುತ್ತೆ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಇದೇ ಊರಿನ ತಮ್ಮ ಮನೆಯಿಂದ ಆಕಾಶವಾಣಿ ಶುರು ಮಾಡಿದ್ದು 30 ವ್ಯಾಟಿನ ಟ್ರಾನ್ಸ್‌ಮಿಟರಿನಲ್ಲಿ. ಅದೂ ವಾಲ್ವಿನದೇ, ಟ್ರಾನ್ಸಿಸ್ಟರ್ ಇನ್ನೂ ಹುಟ್ಟಿರಲಿಲ್ಲ. ಅಂಥ ಊರಲ್ಲಿ ರೇಡಿಯೋ ಕೊಂದು ಬಲ್ಬ್ ಮಾರುವುದು ನನಗೆ ಸರಿ ಕಾಣುವುದಿಲ್ಲ.

ನನ್ನ ಹತ್ತಿರ ಬಿಇಎಲ್‌ನ ಇಎಲ್84 ಎರಡು ಹೆಚ್ಚಿಗೆ ಇವೆ, ಕೆಲಸ ಮಾಡುತ್ತವೆ, ಟೆಸ್ಟ್ ಮಾಡಿಸಿದ್ದೇನೆ. ಮನೆಯಲ್ಲಿ ತಾತನ ರೇಡಿಯೋ ಇದ್ದು ಈ ವಾಲ್ವು ಹೋಗಿದ್ದರೆ ಮೆಸೇಜ್ ಮಾಡಿ, ದುಡ್ಡು ಬೇಡ. ಬರುವಾಗ ರೇಡಿಯೋ ತನ್ನಿ, ಹಾಕಿ ಕೇಳಿಯೇ ಕೊಡುತ್ತೇನೆ. ಕುವೆಂಪುನಗರದ ಹುಡುಗ ಇದನ್ನು ಓದುತ್ತಿದ್ದರೆ, ಭಾನುವಾರ ಬಾಪ್ಪ. ಗಿಟಾರ್ ತಗೊಂಡು ಬಾ. ಹೆಲ್ಮೆಟ್ ಇಡೋಕೆ ಬಾಗಿಲ ಹತ್ತಿರ ಮೊಳೆ ಹೊಡೆದಿದ್ದೇನೆ.