ಪದ್ಮಿನಿಗೆ ಅದರದ್ದೇ ಬಣ್ಣ ಸಾಕು

ಮೊನ್ನೆ ಭಾನುವಾರ ನಮ್ಮ ಮನೆಯ ಹಳೇ ಕಾರು, ಪ್ರೀಮಿಯರ್ ಪದ್ಮಿನಿ, ಶೆಡ್ಡಿನಿಂದ ಹೊರಗೆ ಬಂತು. ಎರಡೂವರೆ ವರ್ಷ ರಿಪೇರಿ ಮಾಡಿದ ಮೇಲೆ. ನೋಡಿದವರಲ್ಲಿ ಅರ್ಧ ಜನ ಕೇಳಿದ್ದು ಒಂದೇ ಪ್ರಶ್ನೆ. ಇಷ್ಟೆಲ್ಲ ಕಷ್ಟಪಟ್ಟು ಕೊನೆಗೆ ಈ ಸಪ್ಪೆ ಕ್ರೀಮ್ ಬಣ್ಣವಾ? ಮೆಟಾಲಿಕ್ ಕೆಂಪೋ ನೀಲಿಯೋ ಹೊಡೆದು ಮೇಲೊಂದು ಪಾರದರ್ಶಕ ಕ್ಲಿಯರ್ ಕೋಟ್ ಕೊಟ್ಟಿದ್ದರೆ ಹೊಸ ಕಾರಿನ ಹಾಗೆ ಹೊಳೆಯುತ್ತಿತ್ತಲ್ಲ? ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ನನ್ನ ಮಾತು ಇಷ್ಟೇ. ಹಳೇ ಕಾರಿಗೆ ಹೊಸ ಕಾರಿನ ಹೊಳಪು ಬೇಡ. ಕಾರ್ಖಾನೆಯಿಂದ ಯಾವ ಬಣ್ಣದಲ್ಲಿ ಬಂದಿತ್ತೋ ಅದನ್ನು ಹುಡುಕಿ, ಅದನ್ನೇ ಹೊಡೆಯಬೇಕು. ಮನೆಯ ಶೆಡ್ಡಿನಲ್ಲಿ ಕೆಲಸ ಮಾಡುವವರಿಗಂತೂ ಹಳೇ ರೀತಿಯ ಬಣ್ಣವೇ ಒಳ್ಳೆಯದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಮ್ಮದು 1978ರ ಗಾಡಿ. 1986ರಲ್ಲಿ ಅಪ್ಪಯ್ಯ ಸೆಕೆಂಡ್ ಹ್ಯಾಂಡ್ ತಂದಿದ್ದು. ತಂದಾಗಲೇ ಮೆರೂನ್ ಬಣ್ಣ. ತೀರ್ಥಹಳ್ಳಿಯ ಪೇಟೆಗೆ ಹೋಗೋದು, ಮದುವೆ ಮುಂಜಿಗೆ ಹೋಗೋದು, ಅಡಿಕೆ ಮಂಡಿಗೆ ಹೋಗೋದು, ಎಲ್ಲ ಅದರಲ್ಲೇ. ಸ್ಟೇರಿಂಗ್ ಪಕ್ಕದ ಗೇರು, ಮುಂದೆ ಉದ್ದ ಸೀಟು, ಅದರಲ್ಲಿ ಅಪ್ಪಯ್ಯನ ಪಕ್ಕ ನಾವಿಬ್ಬರು ಮಕ್ಕಳು. 2012ರಲ್ಲಿ ನಿಂತದ್ದು ಮತ್ತೆ ಏಳಲಿಲ್ಲ. ಅಪ್ಪಯ್ಯ ಹೋದ ಮೇಲೆ ಗುಜರಿಯವರು ಎರಡು ಸಲ ಬಂದು ಕೇಳಿದರು. ಅಮ್ಮ ಕೊಡಲಿಲ್ಲ.

ಈ ಕಾರಿನ ಹಿಂದಿನ ಕಥೆ ಈಗಿನ ಹುಡುಗರಿಗೆ ಗೊತ್ತಿರೋದು ಕಡಿಮೆ. ಮೂಲದಲ್ಲಿ ಇದು ಇಟಲಿಯ ಫಿಯೆಟ್ 1100. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಇದನ್ನು ಮಾಡುತ್ತಿತ್ತು. 1964ರಲ್ಲಿ 1100 ಡಿಲೈಟ್ ಅಂತ ಬಂತು, 1974ರಲ್ಲಿ ಪದ್ಮಿನಿ ಅನ್ನುವ ಹೆಸರಾಯಿತು. ಇಂಜಿನ್ನು 1089 ಸಿಸಿ. ಮುಂಬೈನ ಕಪ್ಪು ಹಳದಿ ಟ್ಯಾಕ್ಸಿ ಅಂದರೆ ದಶಕಗಟ್ಟಲೆ ಇದೇ ಕಾರು. 2023ರ ಅಕ್ಟೋಬರಿನಲ್ಲಿ ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿಗೂ ವಯಸ್ಸಿನ ಮಿತಿ ಮುಗಿಯಿತು. ಇನ್ನೊಂದು ವಿಷಯ ಹೇಳಲೇಬೇಕು. ಪ್ರೀಮಿಯರ್ ಕಟ್ಟಿದ ವಾಲ್‌ಚಂದ್ ಹೀರಾಚಂದ್ ಅವರೇ 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದ್ದು, ಅಂದರೆ ಈಗಿನ ಎಚ್‌ಎಎಲ್. ನಮ್ಮಲ್ಲೂ ಕಾರಿನ ಕಾರ್ಖಾನೆ ಆಗಬೇಕು ಅಂತ 1930ರ ದಶಕದಲ್ಲೇ ಯೋಜನೆ ಹಿಡಿದು ಓಡಾಡಿದವರು ವಿಶ್ವೇಶ್ವರಯ್ಯನವರು. ಹಾಗಾಗಿ ಮುಂಬೈ ಕಾರು ಅಂದರೂ ನಮಗೆ ಪೂರ್ತಿ ಹೊರಗಿನದಲ್ಲ.

ಸರಿ, ಬಣ್ಣಕ್ಕೆ ಬರುತ್ತೇನೆ.

ಡಿಕ್ಕಿಯ ರಬ್ಬರ್ ಬೀಡಿಂಗ್ ಕಿತ್ತಾಗ ಕೆಳಗೆ ಕ್ರೀಮ್ ಬಣ್ಣ ಕಂಡಿತು. ಡ್ಯಾಶ್‌ಬೋರ್ಡಿನ ಹಿಂಬದಿಗೆ ಟಾರ್ಚ್ ಬಿಟ್ಟರೆ ಅಲ್ಲೂ ಅದೇ. ಬಾಗಿಲಿನ ಅಂಚಿಗೆ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ, ಉಜ್ಜುತ್ತಾ ಹೋದ ಹಾಗೆ ಬಳೆ ಬಳೆಯಾಗಿ ಪದರ ಬಿಚ್ಚಿಕೊಂಡವು. ಮೇಲೆ ಮೆರೂನ್, ಅದರ ಕೆಳಗೆ ಬೂದು ಪ್ರೈಮರ್, ಅದರ ಕೆಳಗೆ ಕ್ರೀಮ್, ಆಮೇಲೆ ತಗಡು. ಅಡಿಕೆಯ ಹಿಂಗಾರ ಈಗ ತಾನೇ ಒಡೆದಾಗ ಇರುತ್ತದಲ್ಲ, ಆ ಬಣ್ಣ. ಒಳಗೆ ಹೋಗಿ ಹಳೇ ಆರ್‌ಸಿ ಪುಸ್ತಕ ತೆಗೆದು ನೋಡಿದೆ. ಬಣ್ಣದ ಜಾಗದಲ್ಲಿ ಕ್ರೀಮ್ ಅಂತಲೇ ಇದೆ! ಅಷ್ಟು ವರ್ಷ ಅಟ್ಟದ ಪೆಟ್ಟಿಗೆಯಲ್ಲೇ ಇದ್ದ ಪುಸ್ತಕ, ನಾವ್ಯಾರೂ ಓದಿರಲಿಲ್ಲ. ಅಪ್ಪಯ್ಯ ಕೊಳ್ಳುವ ಮುಂಚೆಯೇ ಯಾರೋ ಮೆರೂನ್ ಹೊಡೆಸಿದ್ದರು.

ಯಾಕೆ ಹೊಡೆಸಿದ್ದರು ಅನ್ನೋದು ಆಮೇಲೆ ಗೊತ್ತಾಯಿತು. ಬಾಗಿಲ ಕೆಳಭಾಗಕ್ಕೆ ಆಯಸ್ಕಾಂತ ಇಟ್ಟರೆ ಅಂಟುತ್ತಿರಲಿಲ್ಲ. ಕೆತ್ತಿ ನೋಡಿದರೆ ಬೆರಳು ದಪ್ಪ ಪುಟ್ಟಿ. ಬಾಗಿಲೊಳಗೆ ಇಳಿದ ಮಳೆನೀರು ಹೊರಗೆ ಹೋಗಲು ಕೆಳಗೆ ಸಣ್ಣ ತೂತುಗಳಿರುತ್ತವೆ, ಅವನ್ನೂ ಪುಟ್ಟಿಯಿಂದ ಮುಚ್ಚಿದ್ದರು. ನೀರು ಒಳಗೇ ನಿಂತು ತಗಡು ಒಳಗಿನಿಂದ ತಿಂದು ಹೋಗಿತ್ತು. ಡ್ರೈವರ್ ಕಾಲ ಕೆಳಗಿನ ಮ್ಯಾಟ್ ಎತ್ತಿದರೆ ಶೆಡ್ಡಿನ ನೆಲ ಕಾಣುತ್ತಿತ್ತು. ಆ ಮೆರೂನ್ ಬಣ್ಣ ಹೊಡೆದದ್ದು ತುಕ್ಕು ಮುಚ್ಚಲಿಕ್ಕೆ, ಬೇರೆ ಏನಕ್ಕೂ ಅಲ್ಲ. ಇದು ನನಗೆ ಇವತ್ತಿಗೂ ಸಿಟ್ಟು ಬರಿಸುವ ವಿಷಯ. ಪುಟ್ಟಿ ನೀರು ಹೀರುತ್ತದೆ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿದರೆ ತುಕ್ಕು ನಿಲ್ಲುವುದಿಲ್ಲ, ಕಣ್ಣಿಗೆ ಕಾಣದ ಹಾಗೆ ಬೆಳೆಯುತ್ತದೆ.

ಟಿಂಕರಿಂಗ್ ಮೇಸ್ತ್ರಿ ಒಬ್ಬರು ಭಾನುವಾರ ಭಾನುವಾರ ಮನೆಗೇ ಬರುತ್ತಿದ್ದರು. ಮೊದಲ ದಿನವೇ ಹೇಳಿದರು, "ಸಾರ್, ಪೂರ್ತಿ ಬಿಚ್ಚಿ ತಗಡು ನೋಡದೆ ಬಣ್ಣದ ಮಾತು ಎತ್ತಬೇಡಿ." ಹಾಗೇ ಮಾಡಿದೆವು. ತಳಕ್ಕೆ 18 ಗೇಜ್, ಬಾಗಿಲ ಕೆಳಗಿನ ಪಟ್ಟಿಗೆ 20 ಗೇಜ್ ದಪ್ಪದ ತಗಡು. ಕೊಳೆತದ್ದನ್ನು ಕತ್ತರಿಸಿ ತೆಗೆದು, ಅದೇ ಅಳತೆಗೆ ಹೊಸದನ್ನು ಮಡಚಿ, ಒಂದು ಚುಕ್ಕಿ ಇಲ್ಲಿ ಒಂದು ಚುಕ್ಕಿ ಅಲ್ಲಿ ಅಂತ ವೆಲ್ಡ್ ಮಾಡುತ್ತಾ ಬಂದರು. ಒಂದೇ ಕಡೆ ಎಳೆದುಕೊಂಡು ಹೋದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ. ಕೈ ಹೋಗದ ಮೂಲೆಗಳಿಗೆ ಬಾಟಲಿಯಲ್ಲಿ ಸಿಗುವ ತುಕ್ಕು ತಡೆಯುವ ದ್ರಾವಣ ಬಳಿದೆ. ಅದು ಕಂದು ತುಕ್ಕನ್ನು ಕಪ್ಪು ಮಾಡುತ್ತದೆ. ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ, ಅಡಿಕೆ ಬೇಯಿಸಿದ ನೀರು, ಅಂದರೆ ಚೊಗರು ಬಿದ್ದ ಕಬ್ಬಿಣ ಕಪ್ಪಾಗುವುದನ್ನು ಎಲ್ಲರೂ ನೋಡಿದ್ದೇವೆ. ಚೊಗರಿನಲ್ಲೂ ಟ್ಯಾನಿನ್, ಆ ಬಾಟಲಿಯಲ್ಲೂ ಟ್ಯಾನಿನ್ ಜಾತಿಯದೇ ಆಮ್ಲ. ಹಾಗಂತ ಕಾರಿಗೆ ಚೊಗರು ಬಳಿಯಬೇಡಿ, ಅಂಗಡಿಯದ್ದನ್ನೇ ತನ್ನಿ. ಎರಡೂವರೆ ವರ್ಷದಲ್ಲಿ ಒಂದೂಮುಕ್ಕಾಲು ವರ್ಷ ಹೋದದ್ದು ಈ ತಗಡಿನ ಕೆಲಸಕ್ಕೇ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಎಲ್ಲ ಸುತ್ತಿದ್ದಾಯಿತು, ಅದನ್ನು ಇನ್ನೊಂದು ಸಲ ಬರೆಯುತ್ತೇನೆ.

ಈಗ ಪಿಯು, ಅಂದರೆ ಪಾಲಿಯುರೆಥೇನ್ ಬಣ್ಣ ಯಾಕೆ ಬೇಡ ಅಂದೆ ಅಂತ ಹೇಳುತ್ತೇನೆ. ಇದು ನನಗೆ ತುಂಬಾ ಮುಖ್ಯ. ಇವತ್ತು ಗ್ಯಾರೇಜುಗಳಲ್ಲಿ ಹೊಡೆಯುವುದು ಹಾರ್ಡನರ್, ಅಂದರೆ ಬಣ್ಣ ಗಟ್ಟಿ ಮಾಡುವ ದ್ರವ, ಬೆರೆಸುವ ಪಿಯು. ಗಟ್ಟಿ ಬಣ್ಣ, ಪೆಟ್ರೋಲ್ ಚೆಲ್ಲಿದರೂ ಏನೂ ಆಗಲ್ಲ, ಹೊಳಪು ವರ್ಷಗಟ್ಟಲೆ ಇರುತ್ತದೆ. ಇದೆಲ್ಲ ನಿಜ. ಆದರೆ ಆ ಹಾರ್ಡನರಿನಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇದೆ. ಸ್ಪ್ರೇ ಗನ್ನಿನಿಂದ ಹೊಡೆದಾಗ ಅದು ಮಂಜಿನ ಹಾಗೆ ಗಾಳಿಯಲ್ಲಿ ನಿಲ್ಲುತ್ತದೆ. ಉಸಿರಿನಲ್ಲಿ ಹೋದರೆ ಉಬ್ಬಸ ಹತ್ತಬಹುದು. ಒಮ್ಮೆ ಹತ್ತಿತು ಅಂದರೆ ಆಮೇಲೆ ಚೂರು ತಾಗಿದರೂ ಎದೆ ಕಟ್ಟುತ್ತದೆ. ಅಪಾಯದ ಮಟ್ಟಕ್ಕೆ ಬಂದಿದೆ ಅಂತ ವಾಸನೆಯಿಂದ ಗೊತ್ತೂ ಆಗುವುದಿಲ್ಲ. ಅದನ್ನು ಹೊಡೆಯುವವರು ಹೊರಗಿನಿಂದ ಕೊಳವೆಯಲ್ಲಿ ಶುದ್ಧ ಗಾಳಿ ಬರುವ ಮುಖವಾಡ ಹಾಕಬೇಕು, ಬಣ್ಣ ಹೊಡೆಯುವ ಬೂತಿನಲ್ಲಿ ಗಾಳಿ ಎಳೆಯುವ ವ್ಯವಸ್ಥೆ ಬೇಕು. ನಮ್ಮ ಶೆಡ್ಡಿನ ಒಂದು ಗೋಡೆ ಅಡುಗೆಮನೆಯದು, ಇನ್ನೊಂದು ಕಡೆ ಕೊಟ್ಟಿಗೆ. ಅಲ್ಲಿ ಮುಖಕ್ಕೆ ಒಂದು ಬಟ್ಟೆ ಕಟ್ಟಿಕೊಂಡು ಪಿಯು ಹೊಡೆಯುವ ವಿಡಿಯೋ ನೋಡಿ ಧೈರ್ಯ ಮಾಡುವವರಿದ್ದಾರೆ. ದಯವಿಟ್ಟು ಮಾಡಬೇಡಿ.

ನಾನು ಹೊಡೆದದ್ದು ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಬಣ್ಣ, ಹಳೇ ಪೇಂಟರುಗಳು ಡ್ಯೂಕೋ ಅನ್ನುತ್ತಾರಲ್ಲ, ಅದು. ಥಿನ್ನರ್ ಆರಿದರೆ ಬಣ್ಣ ಒಣಗಿತು, ಅಷ್ಟೇ. ಹಾರ್ಡನರ್ ಇಲ್ಲ. ಇದೂ ಹಾಲಲ್ಲ, ಥಿನ್ನರಿನ ಹಬೆ ತಲೆಗೆ ಹತ್ತುತ್ತದೆ, ಇದ್ದಿಲು ಕಾರ್ಟ್ರಿಜ್ ಇರುವ ಮಾಸ್ಕ್ ಬೇಕೇ ಬೇಕು. ಮತ್ತೆ ಬೆಂಕಿ! ಅಡಿಕೆ ಬೇಯಿಸುವ ಒಲೆ ಅಂಗಳದಲ್ಲಿ ಉರಿಯುತ್ತಿದ್ದ ಯಾವ ದಿನವೂ ನಾನು ಬಣ್ಣದ ಡಬ್ಬಿ ತೆಗೆಯಲಿಲ್ಲ. ಕಂಪ್ರೆಸರನ್ನೂ ಶೆಡ್ಡಿನ ಹೊರಗೇ ಇಟ್ಟಿದ್ದೆ, ಮೋಟರಿನ ಒಂದು ಕಿಡಿ ಸಾಕು.

ಎನ್‌ಸಿಯ ದೊಡ್ಡ ಗುಣ ಏನು ಗೊತ್ತಾ? ತಪ್ಪು ಮಾಡಿದರೆ ತಿದ್ದಿಕೊಳ್ಳಬಹುದು. ನಾನು ಎರಡು ದೊಡ್ಡ ತಪ್ಪು ಮಾಡಿದೆ. ಮೊದಲನೆಯದು, ಬಾನೆಟ್ಟಿನ ಮೇಲಿನ ಹಳೇ ಮೆರೂನ್ ಗಟ್ಟಿಯಾಗಿದೆ, ಇರಲಿ ಅಂತ ಬಿಟ್ಟು ಅದರ ಮೇಲೇ ಪ್ರೈಮರ್ ಹೊಡೆದದ್ದು. ಅದು ಎನಾಮಲ್ ಬಣ್ಣ. ಎನ್‌ಸಿ ಥಿನ್ನರ್ ಬಿದ್ದ ಸ್ವಲ್ಪ ಹೊತ್ತಿಗೇ ಕಾಯಿಸಿದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಎದ್ದು ಬಂತು. ಮೂರು ದಿನದ ಕೆಲಸ ಹೋಯಿತು. ಬಾನೆಟ್ಟನ್ನು ತಗಡಿನವರೆಗೆ ಬಿಚ್ಚಿ ಮತ್ತೆ ಶುರು ಮಾಡಿದೆ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಅದಕ್ಕೇ ಒಣಗಿದ್ದನ್ನು ಉಜ್ಜಿ ಧೂಳು ಎಬ್ಬಿಸಬಾರದು, ನೀರು ಹಾಕಿಯೇ ಉಜ್ಜಬೇಕು. ಬೆರಳ ತುದಿಯ ಚರ್ಮ ಸುಲಿದು ಹೋಗಿತ್ತು ಆ ವಾರ.

ಎರಡನೆಯದು ಮಲೆನಾಡಿನವರಿಗೆ ಚೆನ್ನಾಗಿ ಅರ್ಥವಾಗುವ ವಿಷಯ. ಅಕ್ಟೋಬರಿನಲ್ಲಿ ಮಳೆ ಬಿಟ್ಟ ಮಾರನೇ ದಿನ ಬಿಸಿಲು ಬಂತಲ್ಲ ಅಂತ ಡಿಕ್ಕಿ ಬಾಗಿಲಿಗೆ ಬಣ್ಣ ಹೊಡೆದೆ. ಹತ್ತು ನಿಮಿಷಕ್ಕೆ ಅಲ್ಲಲ್ಲಿ ಬಿಳಿ ಮಂಜು ಕಟ್ಟಿತು. ಥಿನ್ನರ್ ಬೇಗ ಆರುವಾಗ ತಗಡನ್ನು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಆ ತಂಪಿಗೆ ನೀರಾಗಿ ಹಸಿ ಬಣ್ಣದೊಳಗೇ ಸಿಕ್ಕಿಕೊಳ್ಳುತ್ತದೆ. ಮೇಸ್ತ್ರಿ ನೋಡಿ ಸಮಾಧಾನ ಮಾಡಿದರು, "ಇರಲಿ ಸಾರ್, ಒಣ ಹವಾ ಬರಲಿ." ಜನವರಿಯಲ್ಲಿ, ಇಬ್ಬನಿ ಪೂರ್ತಿ ಆರಿದ ಮೇಲೆ ಹನ್ನೊಂದು ಗಂಟೆಗೆ, ನಿಧಾನ ಆರುವ ರಿಟಾರ್ಡರ್ ಥಿನ್ನರನ್ನು ತೆಳ್ಳಗೆ ಹೊಡೆದೆ. ಬಣ್ಣ ಕರಗಿ ಕೂಡಿಕೊಂಡಿತು, ಬಿಳಿ ಮಾಯವಾಯಿತು. ಪಿಯು ಆಗಿದ್ದರೆ ಇಂಥ ಎರಡನೇ ಅವಕಾಶ ಇರಲಿಲ್ಲ. ಆಮೇಲೆ ಡಿಸೆಂಬರಿನಿಂದ ಫೆಬ್ರವರಿ, ಬೆಳಗ್ಗೆ ಹನ್ನೊಂದರಿಂದ ಎರಡು, ಇಷ್ಟೇ ನನ್ನ ಬಣ್ಣದ ಸಮಯ. ಸಂಜೆ ಪಂಪ್‌ಸೆಟ್ಟುಗಳು ಶುರುವಾದರೆ ವೋಲ್ಟೇಜ್ ಬಿದ್ದು ಕಂಪ್ರೆಸರ್ ಏದುಸಿರು ಬಿಡುತ್ತದೆ. ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸೋದು, ಗನ್ನನ್ನು ತಗಡಿನಿಂದ ಒಂದು ಗೇಣು ದೂರ ಹಿಡಿಯೋದು, ಹಿಂದಿನ ಗೆರೆಯ ಅರ್ಧಕ್ಕೆ ಮುಂದಿನದು ಬರುವ ಹಾಗೆ ಕೈ ನಿಲ್ಲಿಸದೆ ಎಳೆಯೋದು. ಆರು ತೆಳ್ಳನೆಯ ಕೋಟು. ಒಂದು ತಿಂಗಳು ಬಿಟ್ಟು 1000, 1500, 2000 ನಂಬರಿನ ವಾಟರ್ ಪೇಪರ್, ಆಮೇಲೆ ಕಾಂಪೌಂಡ್ ಅನ್ನುವ ಪಾಲಿಶ್ ಪೇಸ್ಟ್ ಹಾಕಿ ಕೈಯಲ್ಲೇ ತಿಕ್ಕಿದ್ದು.

ಬಣ್ಣ ಹೊಂದಿಸುವಾಗ ಒಂದು ಎಚ್ಚರಿಕೆ. ಡಿಕ್ಕಿಯ ತಳದಿಂದ ಕತ್ತರಿಸಿ ತೆಗೆದ ತಗಡಿನ ತುಂಡನ್ನೇ ಶಿವಮೊಗ್ಗಕ್ಕೆ ಒಯ್ದಿದ್ದೆ. ಮೊದಲು ಅದಕ್ಕೆ ಕಾಂಪೌಂಡ್ ತಿಕ್ಕಿ ಮೇಲಿನ ಮಂಕು ತೆಗೆದು, ಆಮೇಲೆ ತೋರಿಸಬೇಕು. ಇಲ್ಲದಿದ್ದರೆ ಮಾಸಿದ ಬಣ್ಣಕ್ಕೇ ಮಾಸಿದ ಬಣ್ಣ ಬೆರೆಸಿ ಕೊಡುತ್ತಾರೆ. ಟ್ಯೂಬ್‌ಲೈಟ್ ಕೆಳಗೆ ಸರಿ ಕಂಡದ್ದು ಬಿಸಿಲಿಗೆ ಬಂದರೆ ಬೇರೆಯೇ ಕಾಣಬಹುದು. ರಸ್ತೆಗೆ ಹಿಡಿದುಕೊಂಡು ಬಂದು ನೋಡಿ. ನಾಲ್ಕು ಸಲ ತಿದ್ದಿಸಿದೆ. ಅಂಗಡಿಯವರು ಬೇಸರ ಮಾಡಿಕೊಳ್ಳಲಿಲ್ಲ.

ಮೆಟಾಲಿಕ್ ಯಾಕೆ ಬೇಡ ಅಂದರೆ, ಪದ್ಮಿನಿಯ ಮೈ ಅದಕ್ಕೆ ಮಾಡಿದ್ದಲ್ಲ. ಅದರ ಮಡ್‌ಗಾರ್ಡಿನ ಉಬ್ಬು, ಹಿಂದಿನ ಸಣ್ಣ ರೆಕ್ಕೆ, ಇವೆಲ್ಲ ಒಂದೇ ಬಣ್ಣದ ಮೆತ್ತನೆ ಹೊಳಪಿನಲ್ಲಿ ಚೆನ್ನಾಗಿ ಕಾಣುತ್ತವೆ. ಕ್ಲಿಯರ್ ಕೋಟಿನ ಗಾಜಿನಂಥ ಹೊಳಪಿನಲ್ಲಿ ಕಣ್ಣು ಹೊಳಪಿಗೆ ಹೋಗುತ್ತದೆ, ಆಕಾರಕ್ಕೆ ಹೋಗುವುದಿಲ್ಲ. ಸರ್ಕಾರವೂ 2021ರಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದಿತು. 50 ವರ್ಷ ದಾಟಿರಬೇಕು, ಗಾಡಿ ಮೂಲ ರೂಪದಲ್ಲಿ ಇರಬೇಕು. ನಮ್ಮದಕ್ಕೆ 2028ಕ್ಕೆ 50 ತುಂಬುತ್ತದೆ.

ಇದಕ್ಕೆ ಬಂದ ಗಟ್ಟಿಯಾದ ಆಕ್ಷೇಪ ಅಮ್ಮನದು. ಕ್ರೀಮ್ ಅಂತ ಹೇಳಿದ ದಿನ ಅಮ್ಮ ಸುಮ್ಮನೆ ಕೂತಿದ್ದಳು. ಆಮೇಲೆ ಕೇಳಿದಳು, "ಅಪ್ಪಯ್ಯ ಓಡಿಸಿದ್ದು ಕೆಂಪು ಕಾರಲ್ವನೋ?" ಇದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇರಲಿಲ್ಲ. ನಮ್ಮ ನೆನಪಿನ ಕಾರು ಮೆರೂನೇ. ಕಾರ್ಖಾನೆಯ ಬಣ್ಣ ದೊಡ್ಡದೋ, ಮನೆಯವರ ನೆನಪು ದೊಡ್ಡದೋ? ಎರಡು ವಾರ ಯೋಚನೆ ಮಾಡಿದೆ. ಅಷ್ಟೂ ತುಕ್ಕು ಬಚ್ಚಿಟ್ಟ ಬಣ್ಣವನ್ನು ನನ್ನ ಕೈಯಿಂದ ಮತ್ತೆ ಹೊಡೆಯಲು ಮನಸ್ಸು ಬರಲಿಲ್ಲ. ಆ ಬಣ್ಣ ಅಪ್ಪಯ್ಯನ ಆಯ್ಕೆಯೂ ಆಗಿರಲಿಲ್ಲ, ಸಿಕ್ಕಿದ ಕಾರಿಗೆ ಮೊದಲೇ ಇತ್ತು. ಅಮ್ಮನಿಗೆ ಆರ್‌ಸಿ ಪುಸ್ತಕ ತೋರಿಸಿ ಇದನ್ನೇ ಹೇಳಿದೆ. ಒಪ್ಪಿದಳು, ಆದರೆ ಒಂದು ಷರತ್ತು ಹಾಕಿದಳು. ಅದಕ್ಕೇ ಡಿಕ್ಕಿ ಬಾಗಿಲಿನ ಒಳಮೈಯಲ್ಲಿ ಅಂಗೈ ಅಗಲದ ಜಾಗ ಮೆರೂನ್ ಆಗಿಯೇ ಇದೆ. ಸುತ್ತ ಟೇಪ್ ಹಚ್ಚಿ ಕಾಪಾಡಿದ್ದೆ. ಮೊನ್ನೆ ಕಾರು ಹೊರಗೆ ಬಂದಾಗ ಅಮ್ಮ ಮೊದಲು ತೆಗೆಸಿ ನೋಡಿದ್ದು ಡಿಕ್ಕಿಯನ್ನು.

ಇನ್ನೂ ಕೆಲಸ ಬಾಕಿ ಇದೆ. ಮುಂದಿನ ಬಂಪರಿಗೆ ಕ್ರೋಮ್ ಆಗಬೇಕು. ಎಡಗಡೆಯ ಟೈಲ್ ಲ್ಯಾಂಪಿನ ಗ್ಲಾಸ್ ಒಡೆದಿದೆ, ಹಳೇ ಒರಿಜಿನಲ್ ಎಲ್ಲೂ ಸಿಗುತ್ತಿಲ್ಲ. ನಿಮ್ಮ ಮನೆಯ ಅಟ್ಟದಲ್ಲೋ ಪರಿಚಯದ ಗ್ಯಾರೇಜಿನಲ್ಲೋ ಪದ್ಮಿನಿಯದು ಬಿದ್ದಿದ್ದರೆ ತಿಳಿಸಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.