ಟ್ಯಾಂಕ್‌ಗಳು ಹೊರಗೆ ಬರಲೇ ಇಲ್ಲ

ಶೀತಲ ಸಮರ ಯಾಕೆ ಮುಗಿಯಿತು ಅಂತ ಕೇಳಿ, ಹೆಚ್ಚಿನವರು ಆಗಿನ ಅಮೆರಿಕ ಅಧ್ಯಕ್ಷ ರೇಗನ್ ಹೆಸರು ಹೇಳುತ್ತಾರೆ. ಅಮೆರಿಕ ಶಸ್ತ್ರಾಸ್ತ್ರಕ್ಕೆ ನೀರಿನಂತೆ ದುಡ್ಡು ಚೆಲ್ಲಿತು, ಪೈಪೋಟಿಗೆ ಬಿದ್ದ ಸೋವಿಯತ್ ಒಕ್ಕೂಟ ದಿವಾಳಿಯಾಯಿತು ಅನ್ನೋ ಕಥೆ. ನನಗೆ ಇದು ಪೂರ್ತಿ ಒಪ್ಪಿಗೆಯಾಗಲ್ಲ.

ದುಡ್ಡಿನ ತಾಪತ್ರಯ ಇದ್ದದ್ದು ನಿಜ. ಅಷ್ಟು ದೊಡ್ಡ ದೇಶ ಶತ್ರು ಅಮೆರಿಕದಿಂದಲೇ ಧಾನ್ಯ ತರಿಸಿಕೊಳ್ಳುತ್ತಿತ್ತು! ಅದಕ್ಕೆ ಬೇಕಾದ ಡಾಲರ್ ಹೆಚ್ಚಾಗಿ ಬರುತ್ತಿದ್ದದ್ದು ತೈಲ, ಗ್ಯಾಸ್ ಮಾರಿ. 1986ರಲ್ಲಿ ತೈಲ ಬೆಲೆ ಅರ್ಧಕ್ಕೆ ಕುಸಿಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ಅಣುಸ್ಥಾವರದ ದುರಂತ. ಅಫ್ಘಾನಿಸ್ತಾನದಲ್ಲಿ ಮುಗಿಯದ ಯುದ್ಧ ಬೇರೆ.

ಆದರೆ ಖಜಾನೆ ಖಾಲಿಯಾಯಿತು ಅಂತ ಯಾರಾದರೂ ಸುಮ್ನೆ ಅಧಿಕಾರ ಬಿಡುತ್ತಾರಾ? 90ರ ದಶಕದಲ್ಲಿ ಉತ್ತರ ಕೊರಿಯಾದ ಜನ ಹಸಿವಿನಿಂದ ಸತ್ತರು, ಸರ್ಕಾರ ಅಲ್ಲಾಡಲಿಲ್ಲ.

1956ರಲ್ಲಿ ಹಂಗೇರಿಯ ಬುಡಾಪೆಸ್ಟ್, 1968ರಲ್ಲಿ ಚೆಕೊಸ್ಲೊವಾಕಿಯಾದ ಪ್ರಾಗ್. ಎರಡೂ ಸಲ ಜನ ಬದಲಾವಣೆ ಬಯಸಿದಾಗ ಮಾಸ್ಕೋ ಟ್ಯಾಂಕ್ ನುಗ್ಗಿಸಿತ್ತು. 1989ರಲ್ಲೂ ಪೂರ್ವ ಜರ್ಮನಿಯಲ್ಲಿ 3 ಲಕ್ಷಕ್ಕೂ ಜಾಸ್ತಿ ಸೋವಿಯತ್ ಸೈನಿಕರಿದ್ದರು. ಆ ವರ್ಷದ ಜೂನ್ 4ನ್ನೇ ನೋಡಿ. ಬೀಜಿಂಗ್‌ನಲ್ಲಿ ಸೇನೆ ಪ್ರತಿಭಟನಕಾರರ ಮೇಲೆ ಗುಂಡು ಹಾರಿಸಿತು. ಅದೇ ದಿನ ಪೋಲೆಂಡ್‌ನಲ್ಲಿ ಚುನಾವಣೆ, ಸರ್ಕಾರದ ವಿರುದ್ಧ ನಿಂತಿದ್ದ ಕಾರ್ಮಿಕ ಸಂಘಟನೆ ಸಾಲಿಡಾರಿಟಿಗೆ ಭರ್ಜರಿ ಗೆಲುವು. ಮಾಸ್ಕೋ ತಡೆಯಲಿಲ್ಲ. ಎರಡೂ ಕಡೆ ಕಮ್ಯುನಿಸ್ಟ್ ಸರ್ಕಾರವೇ ಇದ್ದದ್ದು, ಅಲ್ವಾ?

ಅಕ್ಟೋಬರ್ 9ಕ್ಕೆ ಪೂರ್ವ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಸುಮಾರು 70 ಸಾವಿರ ಜನ ಬೀದಿಗಿಳಿದರು. ನವೆಂಬರ್ 9ರ ಸಂಜೆ ಅಲ್ಲಿನ ಆಡಳಿತ ಪಕ್ಷದ ವಕ್ತಾರ ಶಾಬೋವ್‌ಸ್ಕಿ ಚೀಟಿ ಸರಿಯಾಗಿ ಓದಿಕೊಳ್ಳದೆ, ಗಡಿ ದಾಟುವ ಅನುಮತಿ ಈಗಿಂದೀಗಲೇ ಜಾರಿ ಅಂದುಬಿಟ್ಟ. ಜನ ಬರ್ಲಿನ್ ಗೋಡೆಗೆ ಮುಗಿಬಿದ್ದರು. ಕಾವಲಿನವರು ಕೊನೆಗೆ ಗೇಟು ತೆರೆದರು. ಸೋವಿಯತ್ ಸೇನೆ ಬ್ಯಾರಕ್‌ನಲ್ಲೇ ಉಳಿಯಿತು. ಆ ತೀರ್ಮಾನ ಸೋವಿಯತ್ ನಾಯಕ ಗೋರ್ಬಚೇವ್ ಅವರದು. ಪ್ರತಿ ದೇಶಕ್ಕೂ ತನ್ನ ದಾರಿ ಆರಿಸಿಕೊಳ್ಳುವ ಹಕ್ಕಿದೆ ಅಂತ 1988ರ ಡಿಸೆಂಬರ್‌ನಲ್ಲೇ ವಿಶ್ವಸಂಸ್ಥೆಯಲ್ಲಿ ಹೇಳಿ, 5 ಲಕ್ಷ ಸೈನಿಕರನ್ನು ಕಡಿಮೆ ಮಾಡುವುದಾಗಿ ಘೋಷಿಸಿದ್ದರು.

ರೇಗನ್‌ಗೂ ಪಾಲು ಕೊಡೋಣ. ಆದರೆ ನಾನು ಕೊಡುವುದು ಅವರು ಕೂತು ಮಾತಾಡಿದ್ದಕ್ಕೆ. 1986ರಲ್ಲಿ ಐಸ್‌ಲ್ಯಾಂಡ್‌ನ ರೇಕ್ಯಾವಿಕ್‌ನಲ್ಲಿ ಗೋರ್ಬಚೇವ್ ಜೊತೆಗಿನ ಮಾತುಕತೆ ಮುರಿದುಬಿದ್ದರೂ ಬಿಡಲಿಲ್ಲ. ಮರುವರ್ಷ ಸಹಿಯಾದ ಒಪ್ಪಂದದಿಂದ ಎರಡೂ ಕಡೆಯ ಸುಮಾರು 2,700 ಕ್ಷಿಪಣಿ ನಾಶವಾದವು. ಎದುರಿನವನು ಮೈಮೇಲೆ ಬರಲ್ಲ ಅನ್ನೋ ಧೈರ್ಯ ಗೋರ್ಬಚೇವ್‌ಗೆ ಸಿಕ್ಕಿದ್ದು ಇಂಥದ್ದರಿಂದ.

ಹಾಗಂತ ಗೋರ್ಬಚೇವ್ ಸಂತರೇನಲ್ಲ. 1991ರ ಜನವರಿಯಲ್ಲಿ, ಒಕ್ಕೂಟದಿಂದ ಬೇರೆಯಾಗಲು ಹೊರಟಿದ್ದ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಸೋವಿಯತ್ ಟ್ಯಾಂಕ್ ನುಗ್ಗಿ ಜನ ಸತ್ತರು. ಆದೇಶ ತನ್ನದಲ್ಲ ಅಂದರು. ಅಲ್ಲಿನ ಅನೇಕರು ಇವತ್ತಿಗೂ ಅದನ್ನು ನಂಬಲ್ಲ, ನನಗೂ ಅನುಮಾನವೇ.