ಕೂಡುವ ಗುರುತಿನಲ್ಲಿ ಎಡವುವ ಮಕ್ಕಳು

ಈ ವರ್ಷ ನಾಲ್ಕನೆಯ ತರಗತಿಗೆ ಬಂದ ಹುಡುಗನೊಬ್ಬ ಮೊದಲ ದಿನ ಪ್ರಾರ್ಥನೆ ಮುಗಿಸಿ ಒಳಗೆ ಬಂದವನು ಬೆಂಚಿನ ಮೇಲೆ ಕೂರಲಿಲ್ಲ. ಗೋಡೆಯ ಉದ್ದಕ್ಕೂ ನಡೆದ. ಭೂಪಟ ನೋಡಿದ, ಬಿಸಿಯೂಟದ ಪಟ್ಟಿ ನೋಡಿದ, ಹಿಂದಿನ ಗೋಡೆಯ ಖಾಲಿ ಮೊಳೆಯನ್ನೂ ನೋಡಿದ. “ಏನು ಹುಡುಕುತ್ತಿದ್ದೀಯಪ್ಪಾ?” ಎಂದು ಕೇಳಿದೆ. “ಏಣಿ ಎಲ್ಲಿದೆ ಮಿಸ್?” ಎಂದ.

ನಲಿಕಲಿ ಪದ್ಧತಿ ಗೊತ್ತಿಲ್ಲದವರಿಗಾಗಿ ಎರಡು ಮಾತು. ನಮ್ಮಂಥ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಬೆರೆತು ಕಲಿಯುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಅದರ ಒಂದೊಂದು ಮೆಟ್ಟಿಲಿಗೂ ಒಂದು ಚಿತ್ರ, ಒಂದು ಸಂಖ್ಯೆ, ಅದಕ್ಕೆ ತಕ್ಕ ಕಾರ್ಡು. ಮಗು ತಾನೇ ಏಣಿಯ ಹತ್ತಿರ ಹೋಗಿ, ತಾನು ಎಲ್ಲಿದ್ದೇನೆಂದು ನೋಡಿಕೊಂಡು, ಕಾರ್ಡು ಹುಡುಕಿ ತಂದು, ಆ ಕಾರ್ಡಿಗೆ ಹೇಳಿರುವ ತಟ್ಟೆಯ, ಅಂದರೆ ಗುಂಪಿನ ಗುರುತಿನ, ಸುತ್ತ ಕೂರುತ್ತದೆ. ಒಂದು ತಟ್ಟೆಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಭಾಗಶಃ ನೆರವು, ಮತ್ತೆರಡರಲ್ಲಿ ಸಹಪಾಠಿಗಳ ನೆರವು, ಕೊನೆಯದು ಸ್ವಕಲಿಕೆ. ತಲೆಯ ಮೇಲೆ ದಾರದ ಚಪ್ಪರ, ಅದಕ್ಕೆ ಮಕ್ಕಳು ಬಿಡಿಸಿದ ಚಿತ್ರಗಳ ತೋರಣ. ಮೂರು ವರ್ಷ ಹೀಗೆ ಬೆಳೆದ ಮಗುವಿಗೆ ನಾಲ್ಕನೆಯ ತರಗತಿಯ ಮೊದಲ ದಿನ ಸಿಗುವುದು ಸಾಲು ಬೆಂಚು, ಪಠ್ಯಪುಸ್ತಕ, ಕರಿಹಲಗೆ, ಗಂಟೆ ಹೊಡೆದಾಗ ಮುಗಿಯುವ ಪೀರಿಯಡ್. ಯಾರೂ ಅದಕ್ಕೆ ಏನನ್ನೂ ವಿವರಿಸುವುದಿಲ್ಲ. ಮೇ ತಿಂಗಳಲ್ಲಿ ಊರು ಬದಲಾಯಿಸಿದ ಹಾಗೆ ಕಲಿಯುವ ರೀತಿಯೇ ಬದಲಾಗಿಬಿಡುತ್ತದೆ.

ನಾನು ಹನ್ನೊಂದು ವರ್ಷ ನಲಿಕಲಿ ಕೋಣೆಯಲ್ಲಿದ್ದವಳು. ಈಗ ನಾಲ್ಕು ವರ್ಷಗಳಿಂದ ನಾಲ್ಕು ಮತ್ತು ಐದನೆಯ ತರಗತಿ ನೋಡಿಕೊಳ್ಳುತ್ತಿದ್ದೇನೆ. ಎರಡೂ ದಡದಲ್ಲಿ ನಿಂತಿದ್ದೇನೆ ಎಂಬ ಒಂದೇ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ.

ನಲಿಕಲಿಯನ್ನು ರದ್ದು ಮಾಡಬೇಕೆಂದು ಕೂಗುವವರು ಇದ್ದಾರೆ, ಅದನ್ನು ಮುಟ್ಟಬಾರದು ಎನ್ನುವವರೂ ಇದ್ದಾರೆ. ಪೋಷಕರಲ್ಲಿ ಹೆಚ್ಚಿನವರು ಮೊದಲ ಗುಂಪು. “ಪಕ್ಕದ ಕಾನ್ವೆಂಟಿನ ಮಗು ಪುಸ್ತಕ ಓದುತ್ತದೆ, ನಮ್ಮದು ಕಾರ್ಡು ಹಿಡಿದುಕೊಂಡು ಓಡಾಡುತ್ತದೆ” ಎಂಬುದು ಅವರ ಸಂಕಟ. ಅದನ್ನು ಅಜ್ಞಾನ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಆದರೆ ಪುಸ್ತಕ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರ ಜೊತೆಗೂ ಇಲ್ಲ.

ಮೊದಲಿಗೆ ಇದು ಎಲ್ಲಿಂದ ಬಂತು ಎಂಬುದನ್ನು ನೆನಪಿಸಿಕೊಳ್ಳಬೇಕು. 1970ರ ದಶಕದಲ್ಲಿ ನಮ್ಮ ಕೋಲಾರ ಜಿಲ್ಲೆಯಲ್ಲಿ ಡೇವಿಡ್ ಹಾರ್ಸ್‌ಬರೋ ನೀಲ್‌ಬಾಗ್ ಎಂಬ ಪುಟ್ಟ ಶಾಲೆ ನಡೆಸುತ್ತಿದ್ದರು. ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕೂತು, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ಆ ವಿಚಾರದ ಪ್ರಭಾವ ಆಂಧ್ರದ ಮದನಪಲ್ಲಿಯ ಬಳಿ ಇರುವ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಮೇಲಾಯಿತು. ಅಲ್ಲಿ ಅದು ಏಣಿಯಾಗಿ, ಕಾರ್ಡುಗಳಾಗಿ ರೂಪ ತಳೆಯಿತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಯುನಿಸೆಫ್ ಬೆಂಬಲದಿಂದ ಅಲ್ಲಿಗೆ ಹೋಗಿ ನೋಡಿ ಬಂದು, ತಾವೇ ಕೂತು ಕನ್ನಡಕ್ಕೆ ಹೊಂದುವ ಕಾರ್ಡುಗಳನ್ನು ಮಾಡಿದರು. ಕೋಲಾರದಲ್ಲಿ ಹೊತ್ತಿದ ದೀಪ ಗಡಿ ದಾಟಿ ಸುತ್ತಿಕೊಂಡು ಮೈಸೂರು ಜಿಲ್ಲೆಗೆ ಬಂತು. 2009–10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆ, ಬಳಿಕ ಮೂರನೆಯದಕ್ಕೂ ವಿಸ್ತರಿಸಿತು.

ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಒಂದು ಸಂಗತಿ. ಹೆಗ್ಗಡದೇವನಕೋಟೆಯ ಶಿಕ್ಷಕರು ಬೇರೆ ಕಡೆಯ ಪದ್ಧತಿಯನ್ನು ಇಡಿಯಾಗಿ ಹೊತ್ತು ತರಲಿಲ್ಲ. ಏನು ಇಟ್ಟುಕೊಳ್ಳಬೇಕು, ಏನು ಬಿಡಬೇಕು ಎಂದು ತಮ್ಮ ಕೋಣೆಯ ಮಕ್ಕಳನ್ನು ನೋಡಿ ನಿರ್ಧರಿಸಿದರು. ರಾಜ್ಯಕ್ಕೆಲ್ಲ ಹಂಚಿದಾಗ ಕಾರ್ಡುಗಳು ಬಂದವು, ಆ ನಿರ್ಧರಿಸುವ ಸ್ವಾತಂತ್ರ್ಯ ಮಾತ್ರ ಪೆಟ್ಟಿಗೆಯಲ್ಲಿ ಇರಲಿಲ್ಲ.

ಅಕ್ಷರದ ವಿಷಯವನ್ನೇ ನೋಡಿ. ನಲಿಕಲಿಯಲ್ಲಿ ಮೊದಲು ಕಲಿಸುವುದು ರ, ಗ, ಸ, ದ, ಅ. ಹಳಬರು ಇದನ್ನು ಕೇಳಿ ನಗುತ್ತಾರೆ. ಕ ಖ ಗ ಘ ಙ ಎಂಬ ಸಾಲು ಬಾಯಿಯೊಳಗೆ ಧ್ವನಿ ಹುಟ್ಟುವ ಜಾಗಗಳನ್ನು ಹಿಡಿದು ಮಾಡಿದ್ದು, ಅದಕ್ಕಿಂತ ಚೆಂದದ ಜೋಡಣೆ ಇಲ್ಲ. ಆದರೆ ಆ ಐದು ಅಕ್ಷರ ಕಲಿತ ಮಗು ಯಾವ ಪದ ಓದಬಲ್ಲದು? ರಗಸದಅ ಕಲಿತ ಮಗು ಒಂದೇ ವಾರದಲ್ಲಿ ಸರ, ಅರಸ, ಅಗಸ, ದಸರ, ಗರಗಸ ಎಂದು ಓದುತ್ತದೆ. ‘ಗರಗಸ’ ಓದಿದ ದಿನ ಮಗುವಿನ ಮುಖ ನೋಡಿದವರು ಆಮೇಲೆ ನಗುವುದಿಲ್ಲ.

ಅಲ್ಲಿಯವರೆಗೆ ನಲಿಕಲಿಯದೇ ಗೆಲುವು. ಆದರೆ ಮುಂದಿನದು? ಕನ್ನಡದಲ್ಲಿ ಐವತ್ತು ಅಕ್ಷರ ಗುರುತಿಸಿದರೆ ಓದು ಬಂದಂತಲ್ಲ. ಪ್ರತಿ ವ್ಯಂಜನಕ್ಕೂ ಕಾಗುಣಿತ, ಅದರ ಮೇಲೆ ಒತ್ತಕ್ಷರ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ: ನಮ್ಮ ಅಕ್ಷರಗಳ ಮೇಲಿನ ಹಿಡಿತ ಇಂಗ್ಲಿಷಿನ ಅಕ್ಷರಮಾಲೆಯಂತೆ ಬೇಗ ಮುಗಿಯುವ ಕೆಲಸವಲ್ಲ, ಅದು ವರ್ಷಗಟ್ಟಲೆ ನಡೆಯುತ್ತದೆ. ಕಾರ್ಡಿನಲ್ಲಿ ಒಂದೊಂದೇ ಚಿಹ್ನೆಯನ್ನು ಪದಗಳ ಜೊತೆ ಕಲಿತ ಮಗುವಿಗೆ ಒಂದು ಹಂತದಲ್ಲಿ ಇಡೀ ಕಾಗುಣಿತವನ್ನು ಒಂದೇ ಹಾಳೆಯ ಮೇಲೆ ಹರಡಿ ತೋರಿಸಬೇಕು, ರಾಗವಾಗಿ ಹೇಳಿಸಬೇಕು, ದಿನಾ ಬರೆಸಬೇಕು. ನಮ್ಮ ಅಜ್ಜಂದಿರು ಮರಳಿನ ಮೇಲೆ ಬೆರಳಾಡಿಸಿ ತಿದ್ದಿದ್ದು ಇದನ್ನೇ. ಅವರು ಅದನ್ನು ಮೊದಲ ದಿನವೇ ಶುರು ಮಾಡಿದರು, ಅಷ್ಟೇ ತಕರಾರು. ಎರಡನೆಯ ತರಗತಿಯ ಕೊನೆಗೆ ಅದೇ ಕೆಲಸ ಅಮೃತದಂತೆ ಕೆಲಸ ಮಾಡುತ್ತದೆ. ಆಗ ಮಾಡದಿದ್ದರೆ ನಾಲ್ಕನೆಯ ತರಗತಿಯ ಪುಸ್ತಕದಲ್ಲಿ ‘ರಾಷ್ಟ್ರ’ ಬಂದ ಕಡೆ, ‘ಸ್ವಾತಂತ್ರ್ಯ’ ಬಂದ ಕಡೆ ಮಗುವಿನ ಬೆರಳು ನಿಂತುಬಿಡುತ್ತದೆ. ಅಕ್ಕಪಕ್ಕ ನೋಡುತ್ತದೆ. ಯಾರೋ ಪಿಸುಗುಡುತ್ತಾರೆ, ಬೆರಳು ಮುಂದೆ ಸರಿಯುತ್ತದೆ, ನಾವು ‘ಓದಿತು’ ಎಂದು ಗುರುತು ಹಾಕುತ್ತೇವೆ.

ಗಣಿತದಲ್ಲಿ ಇನ್ನೂ ಸ್ಪಷ್ಟ. ಹೋದ ವರ್ಷ ಹಲಗೆಯ ಮೇಲೆ 302ರಿಂದ 178 ಕಳೆಯಿರಿ ಎಂದು ಬರೆದೆ. ಇಪ್ಪತ್ತಾರು ಮಕ್ಕಳಲ್ಲಿ ಒಂಬತ್ತು ಮಂದಿ 276 ಎಂದು ಬರೆದಿದ್ದರು. ಎಲ್ಲರದ್ದೂ ಒಂದೇ ತಪ್ಪು ಉತ್ತರ ಬಂದರೆ ಅದು ಕಾಪಿಯಾಗಿರಬೇಕು, ಇಲ್ಲವೇ ಅದರ ಹಿಂದೆ ಒಂದು ತರ್ಕ ಇರಬೇಕು. ಒಬ್ಬಳನ್ನು ಕರೆದು ಕೇಳಿದೆ. “ಎರಡರಲ್ಲಿ ಎಂಟು ಹೋಗುವುದಿಲ್ಲ ಮಿಸ್, ಅದಕ್ಕೆ ಎಂಟರಲ್ಲಿ ಎರಡು ಕಳೆದೆ. ಸೊನ್ನೆಯಲ್ಲಿ ಏಳು ಹೋಗುವುದಿಲ್ಲ, ಅದಕ್ಕೆ ಏಳರಲ್ಲಿ ಸೊನ್ನೆ ಕಳೆದೆ.” ಎಷ್ಟು ಅಚ್ಚುಕಟ್ಟು! ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ನಾವೇ ಹೇಳಿಕೊಟ್ಟಿದ್ದೆವಲ್ಲ.

ಮರುದಿನ ಕಡ್ಡಿಗಳನ್ನು ತಂದೆ. ಹತ್ತರ ಕಟ್ಟು, ಅಂಥ ಹತ್ತು ಕಟ್ಟು ಸೇರಿ ನೂರರ ಕಟ್ಟು, ರಬ್ಬರ್ ಬ್ಯಾಂಡ್ ಹಾಕಿದ್ದು. ಮೂರು ನೂರರ ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು, ಇದರಲ್ಲಿ 178 ನನಗೆ ಕೊಡಿ ಎಂದೆ. ಹೇಗೆ ಎಂದು ಹೇಳಲಿಲ್ಲ. ಹದಿನೈದು ನಿಮಿಷ ಗದ್ದಲ. ಅದೇ ಹುಡುಗಿ ಒಂದು ನೂರರ ಕಟ್ಟನ್ನು ಬಿಚ್ಚಿದಳು, ಹತ್ತರ ಹತ್ತು ಕಟ್ಟುಗಳು ಉರುಳಿದವು. ಅದರಲ್ಲಿ ಒಂದನ್ನು ಬಿಚ್ಚಿದಳು. ಈಗ ಅವಳ ಮುಂದೆ ಎರಡು ನೂರು, ಒಂಬತ್ತು ಹತ್ತು, ಹನ್ನೆರಡು ಬಿಡಿ. ಸೊನ್ನೆ ಇದ್ದ ಜಾಗಕ್ಕೆ ಒಂಬತ್ತು ಎಲ್ಲಿಂದ ಬಂತು ಎಂಬುದು ಅವಳ ಕಣ್ಣೆದುರೇ ಇತ್ತು. 124 ಉಳಿಯಿತು.

ಇಲ್ಲಿಗೆ ನಿಲ್ಲಿಸಿ, ‘ಮಗು ತಾನೇ ಜ್ಞಾನವನ್ನು ಕಟ್ಟಿಕೊಂಡಿತು’ ಎಂದು ವರದಿ ಬರೆದಿದ್ದರೆ ಫೋಟೋ ಚೆನ್ನಾಗಿ ಬರುತ್ತಿತ್ತು. ಆದರೆ ಇಪ್ಪತ್ತಾರರಲ್ಲಿ ಹಾಗೆ ಬಿಚ್ಚಿದವರು ಐದಾರು ಮಂದಿ. ಉಳಿದವರು ನೋಡಿದರು, ಕೆಲವರು ಅದನ್ನೂ ಮಾಡಲಿಲ್ಲ, ರಬ್ಬರ್ ಬ್ಯಾಂಡ್ ಎಳೆದು ಆಡಿದರು. ಆಗ ನಾನು ಹಲಗೆಯ ಮುಂದೆ ನಿಂತು, ಹಳೇ ಕಾಲದ ಮೇಷ್ಟ್ರ ಹಾಗೆ, ಒಂದೊಂದು ಹೆಜ್ಜೆಯನ್ನೂ ಬಾಯಿಬಿಟ್ಟು ಹೇಳಿ ಬರೆದೆ. ಆಮೇಲೆ ಎರಡು ವಾರ ದಿನಕ್ಕೆ ಐದು ಲೆಕ್ಕ, ಎಲ್ಲದರಲ್ಲೂ ನಡುವೆ ಸೊನ್ನೆ. ಒಂದೇ ವಿಷಯಕ್ಕೆ ಮೂರು ಪದ್ಧತಿ ಬೇಕಾಯಿತು, ಅದೂ ಈ ಕ್ರಮದಲ್ಲಿ. ಕಡ್ಡಿ ಇಲ್ಲದೆ ಹಲಗೆಯಿಂದ ಶುರು ಮಾಡಿದ್ದಕ್ಕೇ 276 ಬಂದದ್ದು. ಎರಡು ವಾರದ ಅಭ್ಯಾಸ ಇಲ್ಲದಿದ್ದರೆ ಅದೇ 276 ಆಗಸ್ಟಿನಲ್ಲಿ ಮರಳಿ ಬರುತ್ತಿತ್ತು.

ಮಗ್ಗಿಯ ಬಗ್ಗೆ ಒಂದು ತಮಾಷೆ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ತರಬೇತಿಯಲ್ಲಿ ಸಂಪನ್ಮೂಲ ವ್ಯಕ್ತಿಯೊಬ್ಬರು ಬಾಯಿಪಾಠ ಮಾಡಿಸುವುದು ಮಗುವಿನ ಮೇಲಿನ ಹಿಂಸೆ ಎಂದು ಬೆಳಗ್ಗೆಯೆಲ್ಲ ಹೇಳಿದರು. ಮಧ್ಯಾಹ್ನ ಪ್ರಯಾಣ ಭತ್ಯೆಯ ಹಾಳೆ ತುಂಬುವಾಗ ಅದೇ ಮಹನೀಯರು ಕಣ್ಣು ಮುಚ್ಚಿ “ಹದಿಮೂರೆಂಟ್ಲ ನೂರಾನಾಲ್ಕು” ಎಂದು ಗುನುಗಿಕೊಂಡು ಮೊತ್ತ ಬರೆದರು. ನಾನೇನೂ ಹೇಳಲಿಲ್ಲ. ಪಕ್ಕದ ಶಾಲೆಯ ಟೀಚರ್ ಮಾತ್ರ ಕೆಮ್ಮಿದರು.

ಹಾಗೆಂದು ನೀತಿ ಬರೆಯುವವರಿಗೆ ಇದು ಹೊಳೆದಿಲ್ಲ ಎಂದರೆ ತಪ್ಪಾಗುತ್ತದೆ. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನು ತೆರೆದು ನೋಡಿ. ಗಣಿತದ ಸಮಯವನ್ನು ಬಾಯಿಮಾತಿನ ಗಣಿತ, ಕೌಶಲ ಕಲಿಸುವುದು, ಕೌಶಲದ ಅಭ್ಯಾಸ, ಗಣಿತದ ಆಟ ಎಂದು ನಾಲ್ಕು ಭಾಗ ಮಾಡಿದ್ದಾರೆ. ಭಾಷೆಗೂ ಇಂಥದೇ ನಾಲ್ಕು ಭಾಗ. ಆಟವೋ ಅಭ್ಯಾಸವೋ ಎಂಬ ಜಗಳವೇ ಅದರಲ್ಲಿ ಇಲ್ಲ. ನನಗೆ ಅದು ಹಿಡಿಸಿತು. ಆದರೆ ಆ ಚೌಕಟ್ಟು ಎಂಟನೆಯ ವಯಸ್ಸಿಗೆ, ಅಂದರೆ ಎರಡನೆಯ ತರಗತಿಗೆ ಮುಗಿಯುತ್ತದೆ. ನಮ್ಮ ನಲಿಕಲಿ ಮೂರನೆಯದಕ್ಕೆ ಮುಗಿಯುತ್ತದೆ. ಎರಡರ ಅಂಚೂ ಒಂದಕ್ಕೊಂದು ಕೂಡುವುದಿಲ್ಲ.

ಶಾಲೆಯ ವರ್ಷಗಳನ್ನು ಹಂತಗಳಾಗಿ ಹೇಗೆ ಭಾಗ ಮಾಡಬೇಕು ಎಂಬುದಕ್ಕೆ ರಾಷ್ಟ್ರೀಯ ಶಿಕ್ಷಣ ನೀತಿ 5+3+3+4 ಎಂದಿತು. ರಾಜ್ಯ 2023ರಲ್ಲಿ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ತನ್ನದೇ ಶಿಕ್ಷಣ ನೀತಿ ಆಯೋಗ ಮಾಡಿತು, ಅದು ಎರಡರಿಂದ ಶುರುವಾಗುವ ಬೇರೆ ಅಂಕಿಗಳನ್ನು ಮುಂದಿಟ್ಟಿತು. ಟಿವಿಯಲ್ಲಿ, ಪತ್ರಿಕೆಯಲ್ಲಿ ಚರ್ಚೆಯೆಲ್ಲ ಅಂಕಿಗಳದ್ದೇ. ಐದು ಸರಿಯೋ, ಎರಡು ಸರಿಯೋ. ನನ್ನ ಕಣ್ಣು ಹೋಗುವುದು ನಡುವೆ ಇರುವ ಕೂಡುವ ಗುರುತಿನ ಮೇಲೆ. ನಾನು ಕಂಡ ಮಕ್ಕಳು ಎಡವುವುದು ಅಲ್ಲೇ.

ಜೂನ್‌ನಲ್ಲಿ ಸೇತುಬಂಧ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ಹೆಸರೂ ಎಷ್ಟು ಸೊಗಸು! ಪೂರ್ವಪರೀಕ್ಷೆ ಮಾಡುತ್ತೇವೆ, ಹಿಂದಿನ ತರಗತಿಯ ಯಾವ ಸಾಮರ್ಥ್ಯ ಬಂದಿಲ್ಲವೆಂದು ಪಟ್ಟಿ ಮಾಡುತ್ತೇವೆ, ಪರಿಹಾರ ಬೋಧನೆ ಮಾಡುತ್ತೇವೆ, ಸಾಫಲ್ಯ ಪರೀಕ್ಷೆ ಮಾಡುತ್ತೇವೆ. ಅದರಲ್ಲಿ ಮಗುವಿಗೆ ಎಷ್ಟು ಗೊತ್ತು ಎಂದು ಅಳೆಯುತ್ತೇವೆ. ನಲವತ್ತು ನಿಮಿಷ ಒಂದೇ ಕಡೆ ಕೂತು ಒಬ್ಬರ ಮಾತು ಕೇಳಿ ಅಭ್ಯಾಸ ಇದೆಯೇ, ಇಡೀ ಪುಟದಲ್ಲಿ ಎಲ್ಲಿಂದ ಓದಲು ಶುರು ಮಾಡಬೇಕೆಂದು ತಿಳಿಯುತ್ತದೆಯೇ ಎಂದು ಅಳೆಯುವ ಕಾಲಂ ಆ ನಮೂನೆಯಲ್ಲಿಲ್ಲ. ತನ್ನ ಕಾರ್ಡನ್ನು ತಾನೇ ಆರಿಸಿಕೊಳ್ಳುವ ಅದರ ಶಕ್ತಿಯನ್ನು ನಾಲ್ಕನೆಯ ತರಗತಿಯಲ್ಲಿ ಎಲ್ಲಿ ಬಳಸುತ್ತೇವೆ ಎಂಬುದಂತೂ ಯಾರ ತಲೆಗೂ ಬಂದಂತಿಲ್ಲ. ಮೂರು ವರ್ಷ ಕಷ್ಟಪಟ್ಟು ಬೆಳೆಸಿದ್ದು ಅದು. ಮೂರೇ ವಾರದಲ್ಲಿ ನಾವು ಅದನ್ನು “ಸುಮ್ಮನೆ ಕೂತ್ಕೊ” ಎಂದು ಕಳೆದುಬಿಡುತ್ತೇವೆ.

ಪಠ್ಯಕ್ರಮ ಮಾಡುವವರು ಎರಡು ಪದ್ಧತಿ ಬೆರೆಸುತ್ತೇವೆ ಎಂದಾಗ ಸಾಮಾನ್ಯವಾಗಿ ಆಗುವುದು ಒಂದರ ಮೇಲೊಂದು ಹೇರುವುದು. 2022–23ರಲ್ಲಿ ಕಲಿಕಾ ಚೇತರಿಕೆ ಬಂತು, ಕೋವಿಡ್ ನಷ್ಟ ತುಂಬಲು ಅದು ಬೇಕಿತ್ತು, ಒಳ್ಳೆಯದೇ. ಆದರೆ ಪ್ರತಿ ಹೊಸದು ಬಂದಾಗಲೂ ಹಳೆಯದರಲ್ಲಿ ಏನು ಬಿಡಬೇಕೆಂದು ಸುತ್ತೋಲೆ ಹೇಳುವುದಿಲ್ಲ. ಬಿಡುವ ಪಾಪ ಶಿಕ್ಷಕರ ತಲೆಗೆ. ಸಮಯ ಸಾಲದಾದಾಗ ನಾವು ಮೊದಲು ಬಿಡುವುದು ಕಡ್ಡಿ ಕಟ್ಟುಗಳನ್ನು, ಯಾಕೆಂದರೆ ಪರೀಕ್ಷೆಯಲ್ಲಿ ಅವು ಬರುವುದಿಲ್ಲ.

ಈ ವರ್ಷ ನಾನು ಮಾಡಿರುವುದು ಸಣ್ಣದು. ಆ ಖಾಲಿ ಮೊಳೆಗೆ ಒಂದು ಏಣಿ ತೂಗುಹಾಕಿದೆ, ನಾನೇ ಡ್ರಾಯಿಂಗ್ ಹಾಳೆಯಲ್ಲಿ ಬರೆದದ್ದು. ಮೆಟ್ಟಿಲುಗಳು ಪಠ್ಯಪುಸ್ತಕದ ಪಾಠಗಳೇ. ಬೆಳಗಿನ ಎರಡು ಪೀರಿಯಡ್ ಸಾಲು ಬೆಂಚು, ಹಲಗೆ, ನನ್ನ ಮಾತು. ಊಟದ ಬಳಿಕ ಅರ್ಧ ಗಂಟೆ ಮಕ್ಕಳು ಏಣಿ ನೋಡಿಕೊಂಡು ತಮಗೆ ಬೇಕಾದ ಅಭ್ಯಾಸದ ಹಾಳೆ ತೆಗೆದುಕೊಳ್ಳುತ್ತಾರೆ. ಆಗಸ್ಟ್ ಹೊತ್ತಿಗೆ ಅದನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿದೆ, ದಸರೆ ರಜೆಯ ನಂತರ ಒಂದೇ ದಿನ. ಮೊದಲ ದಿನ ಏಣಿ ಹುಡುಕಿದ ಹುಡುಗ ಈಗ ಅದರ ಉಸ್ತುವಾರಿ. ಹೋದ ಶುಕ್ರವಾರ ಬಂದು “ಐದನೇ ಕ್ಲಾಸಿನಲ್ಲೂ ಇದು ಇರುತ್ತದಾ ಮಿಸ್?” ಎಂದು ಕೇಳಿದ. “ನಿನಗೆ ಬೇಕಾ?” ಎಂದೆ. ಸ್ವಲ್ಪ ಯೋಚಿಸಿ, “ನನಗೆ ಬೇಡ, ನನ್ನ ತಂಗಿಗೆ ಬೇಕಾಗುತ್ತದೆ” ಎಂದ. ತಂಗಿ ಈಗ ಮೂರನೆಯ ತರಗತಿ.

ಇದನ್ನು ಓದುತ್ತಿರುವ ಶಿಕ್ಷಕರಿಗೆ ಒಂದು ಪ್ರಶ್ನೆ, ಕಾಮೆಂಟಿನಲ್ಲಿ ಹೇಳಿ. ನಿಮ್ಮ ಶಾಲೆಯಲ್ಲಿ ಮೂರನೆಯ ತರಗತಿಯ ಶಿಕ್ಷಕರೂ ನಾಲ್ಕನೆಯ ತರಗತಿಯ ಶಿಕ್ಷಕರೂ ಮಾರ್ಚಿನಲ್ಲಿ ಒಮ್ಮೆಯಾದರೂ ಒಬ್ಬರ ಕೋಣೆಯಲ್ಲಿ ಇನ್ನೊಬ್ಬರು ಕೂತು ನೋಡುತ್ತೀರಾ? ನಾವು ಈ ಮಾರ್ಚಿನಲ್ಲಿ ಮೊದಲ ಬಾರಿ ನೋಡಲಿದ್ದೇವೆ.